ಚಾದರದ ಕೋಣೆ

ದಾವಣಗೆರೆಯ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾನು ನರ್ಸ್, ಮನೆ ಹರಿಹರದಲ್ಲಿ. ಕೊರೊನಾದ ಎರಡನೇ ಅಲೆಯಲ್ಲಿ ಹಾಸಿಗೆಗಳೆಲ್ಲ ತುಂಬಿದ್ದಾಗ ನಾನು ಒಂದು ಸಲವೂ ಅಳಲಿಲ್ಲ. ವಾರ್ಡು ಖಾಲಿಯಾಗುತ್ತಾ ಬಂದ ಮೇಲೆ ಕೆಡುತ್ತಾ ಹೋದೆ. ಊಟಕ್ಕೆ ಎದುರು ಕೂತ ಗಂಡನ ಉಸಿರು ಎಣಿಸುತ್ತಿದ್ದೆ. ಅದು ಅವರಿಗೂ ಗೊತ್ತಾಗಿ, "ಇವತ್ತು ಎಷ್ಟು ಬಂತು?" ಅಂದರು, ನಗಿಸಲಿಕ್ಕೆ. ನನಗೆ ನಗು ಬರಲಿಲ್ಲ.

ಒಂದು ಬೆಳಿಗ್ಗೆ ಹರಿಹರದ ಬಸ್ ನಿಲ್ದಾಣದಲ್ಲಿ ಮೂರು ಬಸ್ಸು ಹತ್ತದೆ ಬಿಟ್ಟೆ. ನನ್ನದೇ ಪಾಳಿಯ ಗೆಳತಿ, ಗಾದಿ ಹೊಲಿಯುವ ಸಾಬರ ಮಗಳು, ಬಂದು ಪಕ್ಕ ಕೂತಳು.

"ಯಾಕ, ಬರಂಗಿಲ್ಲೇನು?"

"ಆಗ್ತಿಲ್ಲ."

ಅವಳು ಫೋನ್ ತೆಗೆದು ಇಬ್ಬರಿಗೂ ರಜೆ ಹೇಳಿದಳು. "ನಡಿ. ದಾವಣಗೆರಿ ಪಿ.ಜೆ. ಬಡಾವಣೆಯಾಗ ಮನಸ್ಸಿನ ಡಾಕ್ಟ್ರು ಅದಾರ. ನಾನೂ ಎರಡು ಸಲ ಹೋಗೀನಿ."

ದಿನಾ ಜೊತೆಗೆ ಡಬ್ಬಿ ಬಿಚ್ಚುತ್ತಿದ್ದವಳು ಇದನ್ನು ಹೇಳಿರಲೇ ಇಲ್ಲ. ಕೈ ಹಿಡಿದು ಮುಂದಿನ ಬಸ್ಸು ಹತ್ತಿಸಿದಳು.

ಕ್ಲಿನಿಕ್ಕಿನ ಬೆಂಚಿನ ಮೇಲೆ ನಮ್ಮ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೂತಿದ್ದರು. ಇಡೀ ಮಹಡಿ ಹೆದರುತ್ತಿದ್ದ ಹೆಂಗಸು. ನಾನು ತಿರುಗಿ ಹೊರಟೆ. ಅವರು ಪಕ್ಕದಲ್ಲಿದ್ದ ಬ್ಯಾಗ್ ಎತ್ತಿಕೊಂಡರು.

"ಬರ್ರಿ, ಕೂಡ್ರಿ. ನನಗೂ ನಿದ್ದಿ ಇಲ್ಲ."

"ಮತ್ತೆ ನಮ್ಮನ್ನೆಲ್ಲ ಹಂಗೆ ಬೈತಿದ್ರಲ್ಲ ಸಿಸ್ಟರ್?" ಅಂದೆ.

"ಬೈದಿರ್ಲಿಲ್ಲಂದ್ರ ಅತ್ತುಬಿಡ್ತಿದ್ದೆ."

ಮೂವರೂ ನಕ್ಕೆವು. ತಿಂಗಳುಗಳಾದ ಮೇಲೆ ನಾನು ನಕ್ಕಿದ್ದು ಅವತ್ತೇ.

ಮಾತ್ರೆ ಕೆಲವು ವಾರ, ಡಾಕ್ಟರ ಜೊತೆ ಮಾತು ಕೆಲವು ತಿಂಗಳು. ಅಷ್ಟರಲ್ಲಿ ಇನ್‌ಚಾರ್ಜ್ ಸಿಸ್ಟರ್ ಆಡಳಿತದವರ ಹಿಂದೆ ಬಿದ್ದು, ಚಾದರ ಇಡುತ್ತಿದ್ದ ಹಳೆ ಕೋಣೆಯೊಂದನ್ನು ನಮಗೆ ಬಿಡಿಸಿಕೊಂಡರು. ಪಾಳಿ ಮುಗಿದ ಮೇಲೆ ಬೇಕಾದವರು ಅಲ್ಲಿ ಕೂತು ಅವತ್ತಿನದನ್ನು ಹೇಳಿ ಹೋಗಬಹುದು. ಬುದ್ಧಿ ಹೇಳುವ ಹಾಗಿಲ್ಲ, ಅದೊಂದೇ ಕಟ್ಟಳೆ. ಮೊದಲ ದಿನ ನಾವು ಮೂವರೇ. ತಿಂಗಳೊಳಗೆ ಕುರ್ಚಿ ಸಾಲದಾಯಿತು. ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡಿದ್ದ ಇಬ್ಬರು ಅದನ್ನು ಅಲ್ಲೇ ಹರಿದರು. ಅವರಲ್ಲಿ ನಾನೊಬ್ಬಳು.

ಚಿಕಿತ್ಸೆ ಶುರುವಾದಾಗಿನಿಂದ ಹೊರರೋಗಿಗಳ ವಿಭಾಗದಲ್ಲಿದ್ದ ನಾನು ಮತ್ತೆ ಐಸಿಯು ಕೇಳಿ ಹಾಕಿಸಿಕೊಂಡೆ. ಮೊದಲ ವಾರವೇ ತರಕಾರಿ ಮಾರುವ ಅಜ್ಜಿಯೊಬ್ಬರ ಉಸಿರು ಕೈಕೊಟ್ಟಿತು. ಡಾಕ್ಟರು, ನಾನು, ಗೆಳತಿ ಮುಕ್ಕಾಲು ಗಂಟೆ ಬಿಡದೆ ನಿಂತೆವು. ಮರುದಿನ ಅಜ್ಜಿ ಕಣ್ಣುಬಿಟ್ಟು, ಮಾಸ್ಕ್ ಸರಿಸಿ ಕೇಳಿದರು: "ಚಾ ಐತೇನವ್ವ?"

ಪಾಳಿ ಮುಗಿಸಿ ಕೋಣೆಗೆ ಹೋಗಿ ಇಷ್ಟನ್ನೇ ಹೇಳಿದೆ. ಚಪ್ಪಾಳೆ ಶುರುಮಾಡಿದವರು ಇನ್‌ಚಾರ್ಜ್ ಸಿಸ್ಟರ್.