ವಾಲ್ಟರನಿಗೆ ಹೋಗಬೇಕಿದ್ದ ಒಂದು ಅಕ್ಷರ

ದೆವ್ವ ಭೂತಗಳ ವಿಷಯದಲ್ಲಿ ನನ್ನಷ್ಟು ಒಣ ಮನಸ್ಸಿನವರು ಸಿಗುವುದು ಕಷ್ಟ. ಅದು ಧೈರ್ಯವೇನಲ್ಲ, ವೃತ್ತಿಯೇ ಹಾಗಿದೆ. ಬರ್ಬ್ಯಾಂಕಿನ ಒಂದು ಸ್ಟುಡಿಯೋದಲ್ಲಿ ಚಿತ್ರಗಳಿಗೆ ಸದ್ದು ಜೋಡಿಸುವುದು ನನ್ನ ಕೆಲಸ. ಪರದೆಯ ಮೇಲಿನ ಖಾಲಿ ಮನೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟದ್ದು ಕೇಳಿ ನೀವು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ, ಅದು ನಾನು ಒದ್ದೆ ಟವೆಲಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆದ ಸದ್ದಾಗಿದ್ದರೂ ಆಗಿರಬಹುದು. ಯಾರಾದರೂ 'ಏನೋ ಕೇಳಿಸಿತು' ಎಂದರೆ ನನ್ನ ಕಿವಿ ಮೊದಲು ಫ್ರಿಜ್ಜಿನ ಕಡೆ ಹೋಗುತ್ತದೆ. ಹಾಗಾಗಿ ಇದನ್ನು ಬರೆಯಲು ನನಗೇ ಸ್ವಲ್ಪ ಸಂಕೋಚ. ನೀವು ನಕ್ಕರೆ ನನಗೆ ಬೇಸರವಿಲ್ಲ.

ನಾವಿರುವುದು ಸ್ಟುಡಿಯೋದ ಪಕ್ಕದ ಊರು ಗ್ಲೆಂಡೇಲಿನಲ್ಲಿ. ಮಗಳು ಸ್ಯಾನ್ ಡಿಯೇಗೋದಲ್ಲಿ ಓದುತ್ತಾಳೆ. ಕೋವಿಡ್ ಹಾವಳಿ ಇಳಿದು ಕ್ಲಾಸುಗಳು ತೆರೆದಾಗ ಯೂನಿವರ್ಸಿಟಿ ಸಿಟಿ ಬಡಾವಣೆಯ ಅಪಾರ್ಟ್‌ಮೆಂಟುಗಳ ಬಾಡಿಗೆ ಕೇಳಿ ನಮಗೆ ತಲೆ ತಿರುಗಿತು. ಕೊನೆಗೆ ಅಲ್ಲೇ ಒಬ್ಬ ಮುದುಕಿಯ ಮನೆಯಲ್ಲಿ ಅವಳಿಗೊಂದು ರೂಮು ಸಿಕ್ಕಿತು. ಆಕೆಯ ಹೆಸರು ರೂತ್. ತೊಂಬತ್ತರ ಹತ್ತಿರದ ವಯಸ್ಸು, ಒಂಟಿ ಜೀವ, ಮಾತಿನಲ್ಲಿ ಮಾತ್ರ ಚುರುಕು. ಮಗಳು ಆಕೆಯನ್ನು ಸಲೀಸಾಗಿ ಹೆಸರು ಹಿಡಿದು ಕರೆಯುತ್ತಿದ್ದಳು. ನನಗೆ ನಾಲಿಗೆ ಹೊರಳದೆ 'ರೂತ್ ಆಂಟಿ' ಎಂದುಬಿಟ್ಟೆ. ಆಕೆಗೂ ಅದು ಹಿಡಿಸಿತು.

ಒಂದು ಸಂಜೆ ಮಗಳ ಫೋನು ಬಂತು. "ಅಮ್ಮಾ, ರೂತ್ ನೀಡ್ಸ್ ಯುವರ್ ಹೆಲ್ಪ್. ಯು ನೋ ಮೋರ್ಸ್ ಕೋಡ್, ರೈಟ್?" ಎಂದಳು.

ಗಿಡ್ಡ ಉದ್ದ ಸದ್ದುಗಳಲ್ಲಿ ಅಕ್ಷರ ಕಳಿಸುವ ಆ ತಂತಿ ಭಾಷೆ ನನಗೆ ಬರುತ್ತಿತ್ತು ನಿಜ. ನಮ್ಮಪ್ಪ ಬಾಗಲಕೋಟೆಯಲ್ಲಿ ತಂತಿ ಕಚೇರಿಯಲ್ಲಿದ್ದರು. ಊಟಕ್ಕೆ ಕುಳಿತಾಗ ಚಮಚೆಯಿಂದ ತಟ್ಟೆಯ ಅಂಚಿಗೆ ಕಟಕಟ ಬಡಿದು ನನಗೆ ಆ ಅಕ್ಷರಗಳನ್ನು ಕಲಿಸಿದ್ದರು. ಅವರದೊಂದು ಕಟ್ಟಪ್ಪಣೆಯಿತ್ತು. "ಆ ಕಡಿಯಾಂವ ಕಳಿಸಿದ್ದು ಮುಟ್ಟೇತಿ ಅಂತ ಹೇಳದ ಎದ್ದು ಹೋಗಬಾರದವ್ವಾ. ಅಂವ ಕಾಯ್ಕೋತ ಕುಂತಿರ್ತಾನ" ಎನ್ನುತ್ತಿದ್ದರು. ಮುಟ್ಟಿತು ಎನ್ನಲು ಒಂದೇ ಅಕ್ಷರ ಸಾಕು: ಒಂದು ಗಿಡ್ಡ ಸದ್ದು, ಒಂದು ಉದ್ದ, ಮತ್ತೊಂದು ಗಿಡ್ಡ.

ವಿಷಯ ಕೇಳಿ ನನ್ನ ಗಂಡ ತಾವೂ ಬರುವುದಾಗಿ ಹೇಳಿದರು. ಅವರು ಧಾರವಾಡದವರು, ಇಂಜಿನಿಯರು, ಮಾವನನ್ನು ನೆನೆಸಿಕೊಂಡು ಕಾಲೆಳೆಯುವ ಅವಕಾಶ ಬಿಡುವವರಲ್ಲ. "ನಡೀ, ಮಾವ ತಾಟು ಬಡದು ಕಲಿಸಿದ್ದು ಇಷ್ಟು ವರ್ಷಕ್ಕರ ಉಪಯೋಗಕ್ಕ ಬಂತು" ಎಂದರು. ಆ ಶನಿವಾರ ಸ್ಯಾನ್ ಡಿಯೇಗೋಕ್ಕೆ ಡ್ರೈವ್ ಮಾಡಿದೆವು.

ರೂತ್ ಆಂಟಿ ಹೇಳಿದ್ದನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ. ಆಕೆಗೆ ವಾಲ್ಟರ್ ಎಂಬ ಅಣ್ಣನಿದ್ದ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ವಿಮಾನದಲ್ಲಿ ರೇಡಿಯೋ ಆಪರೇಟರ್. ಪೆಸಿಫಿಕ್ ಸಾಗರದ ಮೇಲೆ ಅವರ ವಿಮಾನಕ್ಕೆ ಗುಂಡು ತಗುಲಿ ಬೆಂಕಿ ಹತ್ತಿತು. ಪೈಲಟ್ ಹೇಗೋ ಅದನ್ನು ನೀರಿನ ಮೇಲೆ ಇಳಿಸಿದ. ಉಳಿದವರೆಲ್ಲ ರಬ್ಬರ್ ದೋಣಿ ಹತ್ತಿದರು. ವಾಲ್ಟರ್ ಹತ್ತಲಿಲ್ಲ. ಗಾಯಗೊಂಡ ಕೈಯಲ್ಲೇ, ತಾವು ಎಲ್ಲಿದ್ದೇವೆ ಎಂಬುದನ್ನು ಮತ್ತೆ ಮತ್ತೆ ಕಳಿಸುತ್ತಾ ಕುಳಿತಿದ್ದ, ವಿಮಾನ ಮುಳುಗುವವರೆಗೂ. ಆ ಸಂದೇಶ ಹಿಡಿದೇ ಮರುದಿನ ಹುಡುಕಿ ಬಂದವರು ದೋಣಿಯಲ್ಲಿದ್ದವರನ್ನೆಲ್ಲ ಉಳಿಸಿದರು. ಆಗ ರೂತ್ ಹತ್ತು ವರ್ಷದ ಹುಡುಗಿ.

"ಅವನ ಸಂದೇಶ ಮೊದಲನೇ ಸಲವೇ ತಲುಪಿತ್ತು" ಎಂದರು ಆಕೆ. "ಆ ಕಡೆಯವರು 'ಮುಟ್ಟಿತು' ಅಂತ ಉತ್ತರವನ್ನೂ ಕೊಟ್ಟಿದ್ದರು. ಆದರೆ ಇವನ ಕಡೆ ಕೇಳಿಸಿಕೊಳ್ಳುವ ಯಂತ್ರ ಸುಟ್ಟುಹೋಗಿತ್ತು ಅಂತ ಉಳಿದು ಬಂದವರು ಹೇಳಿದರು. ಆ ಒಂದು ಉತ್ತರ ಕೇಳಿಸಿದ್ದರೆ ಅವನು ಎದ್ದು ಹೊರಗೆ ಬರುತ್ತಿದ್ದ. ತನ್ನ ಮಾತು ಯಾರಿಗಾದರೂ ಮುಟ್ಟಿತೋ ಇಲ್ಲವೋ ತಿಳಿಯದೆಯೇ ಹೋದ."

ಇಷ್ಟು ವರ್ಷ ಆಕೆಯನ್ನು ಕೊರೆಯುತ್ತಿದ್ದುದು ಇದೇ. ದಶಕಗಳ ಕಾಲ ಬರೆದೂ ಬರೆದೂ ಕೊನೆಗೆ ಅಣ್ಣನಿಗೆ ಮರಣೋತ್ತರ ಪದಕ ಮಂಜೂರಾಗಿತ್ತು. ಸಂತೋಷವೇ. ಆದರೆ ಆಕೆಗೆ ಪದಕಕ್ಕಿಂತ ಬೇಕಾಗಿದ್ದುದು ಆ ಒಂದು ಅಕ್ಷರ. ವಾಲ್ಟರ್ ಹುಡುಗನಾಗಿದ್ದಾಗ ಕೈ ಪಳಗಿಸಿಕೊಂಡಿದ್ದ ತಂತಿ ಹೊಡೆಯುವ ಹಿತ್ತಾಳೆಯ ಕೀ ಮನೆಯಲ್ಲಿತ್ತು. ಹಲಗೆಗೆ ಕೂರಿಸಿದ ಕೀ, ಅದಕ್ಕೊಂದು ಬಜರ್, ಒಂದು ಬ್ಯಾಟರಿ. ಒತ್ತಿದರೆ ಸದ್ದು, ಬಿಟ್ಟರೆ ಇಲ್ಲ, ಅಷ್ಟೇ. ಪದಕ ಕೊಡುವ ಸಮಾರಂಭದಲ್ಲಿ ಅದರ ಮೇಲೆ ನಾನು 'ಮುಟ್ಟಿತು' ಎಂದು ಕಳಿಸಬೇಕು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅಪ್ಪ ಇದ್ದಿದ್ದರೂ ಕೇಳುತ್ತಿರಲಿಲ್ಲ.

ಸಮಾರಂಭ ನಡೆದದ್ದು ಬಂದರಿನ ಹತ್ತಿರದ ಒಂದು ಸಣ್ಣ ಹಾಲ್‌ನಲ್ಲಿ, ಬಿಸಿಲು ಬಿದ್ದ ಮಧ್ಯಾಹ್ನ. ಕತ್ತಲೆ, ಗಾಳಿ, ನಾಯಿಯ ಊಳು ಇಂಥದ್ದೇನೂ ಇರಲಿಲ್ಲ. ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬರು ವಾಲ್ಟರನ ಸಾಹಸವನ್ನು ಓದಿ ಹೇಳಿ, ಬಾಗಿ ಪದಕವನ್ನು ರೂತ್ ಆಂಟಿಯ ಮಡಿಲಲ್ಲಿಟ್ಟರು. ಆಕೆ ಅಳಲಿಲ್ಲ. ಗಾಲಿಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ತಳ್ಳಿಸಿಕೊಂಡು ನನ್ನ ಕಡೆ ನೋಡಿ ತಲೆಯಾಡಿಸಿದರು.

ನಾನು ಕೀಯ ಮುಂದೆ ಕುಳಿತೆ. ಗಿಡ್ಡ, ಉದ್ದ, ಗಿಡ್ಡ. ಒಂದೇ ಸಲ, ಅಪ್ಪ ಕಲಿಸಿದ ಹಾಗೆ. ಆಮೇಲೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಆಗ ಬಜರ್ ಸದ್ದು ಮಾಡಿತು. ಐದು ಸಣ್ಣ ಸದ್ದುಗಳು. ಮೊದಲು ಒಂದು, ಬೇಗ ಬೇಗ ಎರಡು, ಮತ್ತೆ ನಿಧಾನಕ್ಕೆ ಎರಡು. ಹಾಡಿನ ಕೊನೆಯ ತುಣುಕನ್ನು ಬೇಕೆಂದೇ ಬಾಯಲ್ಲಿ ಇಟ್ಟುಕೊಂಡ ಹಾಗೆ ಅಲ್ಲಿಗೆ ನಿಂತಿತು. ನಾನು ಕೀ ಮುಟ್ಟಿರಲಿಲ್ಲ. ಮೇಜಿನ ಹತ್ತಿರ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.

ರೂತ್ ಆಂಟಿ ಮುಂದಕ್ಕೆ ಬಾಗಿ, ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಎರಡು ಸಲ ತಟ್ಟಿದರು. ಮುಖದ ತುಂಬ ನಗು. ನೆರೆದವರು ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ಹೊಡೆದರು. ನಾನೂ ಚಪ್ಪಾಳೆ ಹೊಡೆದೆ, ಏನು ಮಾಡಬೇಕೆಂದು ತೋಚದೆ.

ಜನ ಚದುರಿದ ಮೇಲೆ ಬಜರಿನ ಪೆಟ್ಟಿಗೆ ಬಿಚ್ಚಿದೆ. ಸಡಿಲವಾದ ತಂತಿಯಿಲ್ಲ, ತುಕ್ಕಿಲ್ಲ. ಮೇಜು ಕುಲುಕಿದೆ, ತಂತಿ ಜಗ್ಗಿದೆ. ಅದು ಕಿಂವ್ ಅನ್ನಲಿಲ್ಲ. "ಯಾರದರ ಫೋನ್ ಸಿಗ್ನಲ್ ಬಡದಿರಬೇಕು ಬಿಡು" ಎಂದರು ಗಂಡ. ಅದನ್ನೂ ಮಾಡಿ ನೋಡಿದೆ. ಅವರ ಫೋನು, ನನ್ನದು, ಮಗಳದು, ಮೂರನ್ನೂ ಪಕ್ಕದಲ್ಲಿಟ್ಟು ಬಾರಿಸಿದರೂ ಬಜರ್ ಮಿಸುಕಲಿಲ್ಲ.

ಆಂಟಿಯ ಮನೆಗೆ ವಾಪಸಾಗುವಾಗ ಕಾರಿನಲ್ಲಿ ಅವರನ್ನು ಕೇಳಿದೆ, ಮೇಜು ತಟ್ಟಿದ್ದೇಕೆ ಎಂದು. ಮಕ್ಕಳಾಗಿದ್ದಾಗ ಅಣ್ಣನ ಕೋಣೆಗೂ ತನ್ನ ಕೋಣೆಗೂ ನಡುವೆ ಒಂದೇ ಗೋಡೆಯಿತ್ತಂತೆ. ಮಲಗುವ ಮುಂಚೆ ವಾಲ್ಟರ್ ಆಚೆಯಿಂದ ಅದೇ ಲಯದಲ್ಲಿ ಐದು ಸಲ ತಟ್ಟುತ್ತಿದ್ದ. ಈಕೆ ಈಚೆಯಿಂದ ಎರಡು ಸಲ ತಟ್ಟಿ ಅದನ್ನು ಮುಗಿಸಬೇಕು. ಆಮೇಲೆ ನಿದ್ದೆ. ರೇಡಿಯೋದವರು ಮಾತು ಮುಗಿಸುವಾಗ ಹೀಗೆ ಆಟವಾಡುವುದುಂಟು ಎಂದು ಆಕೆಗೆ ತಿಳಿದದ್ದು ದೊಡ್ಡವಳಾದ ಮೇಲೆ. ಈ ಗೋಡೆಯ ಸಂಗತಿಯನ್ನು ನನ್ನ ಮಗಳಿಗೂ ಆಕೆ ಹೇಳಿರಲಿಲ್ಲ.

"ಇಷ್ಟು ವರ್ಷ ಅವನು ಅಲ್ಲೇ ಕುಳಿತು ಕಳಿಸುತ್ತಿದ್ದ" ಎಂದರು ಆಕೆ, ಪದಕದ ಡಬ್ಬಿಯ ಮೇಲೆ ಕೈಯಾಡಿಸುತ್ತಾ. "ಈಗ ಎದ್ದು ಬಂದ." ನಾನು ಕಿಟಕಿಯಾಚೆ ನೋಡುತ್ತಾ ಕುಳಿತೆ.

ಮಗಳು ಫೋನಿನಲ್ಲಿ ಎಲ್ಲವನ್ನೂ ರೆಕಾರ್ಡ್ ಮಾಡಿದ್ದಳು. ಆ ಐದು ಸದ್ದುಗಳು ಅದರಲ್ಲಿ ಸ್ಪಷ್ಟವಾಗಿ ಇವೆ. ಸ್ಟುಡಿಯೋದಲ್ಲಿ ಅವನ್ನು ಎಳೆ ಎಳೆಯಾಗಿ ಬಿಡಿಸಿ ಕೇಳಿದ್ದೇನೆ. ತಂತಿ ಹೊಡೆಯುವವನ ಕೈ ಎಂದರೆ ನಡಿಗೆಯ ಹಾಗೆ, ಒಬ್ಬೊಬ್ಬರದು ಒಂದೊಂದು ರೀತಿ ಎಂದು ಅಪ್ಪ ಹೇಳುತ್ತಿದ್ದರು. ಆ ಐದರಲ್ಲಿ ನಾಲ್ಕನೆಯದು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಅದು ನನ್ನ ಕೈಯಲ್ಲ. ಸದ್ದುಗಳನ್ನು ಹುಟ್ಟಿಸಿ ಹೊಟ್ಟೆ ಹೊರೆಯುವ ನಾನು, ಈ ಸದ್ದು ಎಲ್ಲಿಂದ ಹುಟ್ಟಿತೆಂದು ಇವತ್ತಿಗೂ ಹೇಳಲಾರೆ. ನಂಬಿದೆ ಎಂದೂ ಹೇಳಲಾರೆ. ಯಾವ ಚಿತ್ರಕ್ಕೂ ಅದನ್ನು ಬಳಸಲು ಮಾತ್ರ ಮನಸ್ಸು ಬಂದಿಲ್ಲ.

ರೂತ್ ಆಂಟಿ ಚೆನ್ನಾಗಿದ್ದಾರೆ. ಮೊದಲಿಗಿಂತ ಒಳ್ಳೆಯ ನಿದ್ದೆ ಬರುತ್ತದಂತೆ. ಮಗಳ ರೂಮು ಅವರ ರೂಮಿಗೆ ಅಂಟಿಕೊಂಡೇ ಇದೆ. ಅಂದಿನಿಂದ ದಿನಾ ಮಲಗುವ ಮುಂಚೆ ಇವಳು ಗೋಡೆಗೆ ಐದು ಸಲ ತಟ್ಟುತ್ತಾಳೆ, ಆಚೆಯಿಂದ ಅವರು ಎರಡು ಸಲ ತಟ್ಟುತ್ತಾರೆ. ಒಮ್ಮೊಮ್ಮೆ ಇವಳು ಓದಿನಲ್ಲಿ ಮರೆತು ಕುಳಿತಿರುವಾಗಲೇ, ಯಾರಿಗೋ ಉತ್ತರ ಕೊಟ್ಟ ಹಾಗೆ ಆಚೆಯಿಂದ ಆ ಎರಡು ತಟ್ಟು ಕೇಳಿಬರುತ್ತವಂತೆ. "ಅಮ್ಮಾ, ಶೀ ಜಸ್ಟ್ ಫರ್ಗೆಟ್ಸ್, ನಾನಿನ್ನೂ ನಾಕ್ ಮಾಡಿರೋದೇ ಇಲ್ಲ" ಎಂದು ಮಗಳು ನಗುತ್ತಾಳೆ. ಇರಬಹುದು, ವಯಸ್ಸಾದವರಿಗೆ ಮರೆವು ಸಹಜ ಎಂದು ನಾನೂ ಹೇಳಿ ಫೋನ್ ಇಡುತ್ತೇನೆ.