ಬರ್ತೀನಿ ಅನ್ನುತ್ತಿದ್ದ ತೆರೆ

ದೂರ ಹೋದವರ ಸುದ್ದಿಯನ್ನು ನಾವು ನೀರಿಗೆ ಕೇಳುತ್ತಿದ್ದ ಕಾಲ ಅದು. ಶಹಾಬಾದಿನಲ್ಲಿ ನಮ್ಮ ಮನೆಯ ಹಿಂದೆ ನೆಲಕ್ಕೆ ಹಾಸುವ ಪರಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯೊಂದಿತ್ತು. ಮಳೆಗಾಲಕ್ಕೆ ತುಂಬುತ್ತಿತ್ತು. ಎದುರಿಗೆ ಗೋಡೆಯಂತೆ ನೆಟ್ಟಗೆ ಕಡಿದ ಕಲ್ಲು. ಎಡಕ್ಕೆ ಇಳಿಜಾರು, ಅದರ ತುಂಬ ನೀರೊಳಗೂ ಒತ್ತಾಗಿ ಬೆಳೆದ ಆಪು ಹುಲ್ಲು.

ಆ ಶ್ರಾವಣದಲ್ಲಿ ಅವ್ವನನ್ನು ಗುಲ್ಬರ್ಗದ ದವಾಖಾನೆಗೆ ಸೇರಿಸಿದ್ದರು. ಹೊರಡುವಾಗ ಎಲ್ಲರೂ ಅನ್ನುವ ಹಾಗೆ ಅವ್ವನೂ “ಬರ್ತೀನವಾ” ಅಂದಿದ್ದಳು. ಅಪ್ಪ ಅವಳ ಜೊತೆಗಿದ್ದ. ಮನೆಯಲ್ಲಿ ಅಜ್ಜಿ, ಹನ್ನೊಂದು ವರ್ಷದ ಶಾಂತಕ್ಕ, ಏಳು ವರ್ಷದ ನಾನು. ಅಕ್ಕ ಬಡಿದ ರೊಟ್ಟಿಯ ಅಂಚು ಸೀಳಿರುತ್ತಿತ್ತು. ಅದರಲ್ಲೇ ಶೇಂಗಾ ಹಿಂಡಿ ಸುತ್ತಿಕೊಂಡು ಖಣಿಗೆ ಹೋಗುತ್ತಿದ್ದೆವು. ಹಸಿ ಕಲ್ಲಿನ ವಾಸನೆ ರೊಟ್ಟಿಗೂ ಹತ್ತುತ್ತಿತ್ತು.

ಕಾಲ ಬಳಿ ಬೇವಿನೆಲೆ ತೇಲಿಬಿಟ್ಟು ಅಕ್ಕ ಗೋಡೆಯ ಕಡೆಗೆ ಕಲ್ಲು ಎಸೆಯುತ್ತಿದ್ದಳು. ಎಲೆ ಒಮ್ಮೆ ಅಲುಗಿ ಸುಮ್ಮನಾಗುತ್ತಿತ್ತು. ಗೋಡೆಗೆ ಬಡಿದ ತೆರೆ ಹೊರಳಿ ಬಂದಾಗ ಮತ್ತೊಮ್ಮೆ ಅಲುಗುತ್ತಿತ್ತು.

“ನೋಡು, ಅವ್ವ ಬರ್ತೀನಿ ಅಂದಳು,” ಅನ್ನುತ್ತಿದ್ದಳು ಅಕ್ಕ.

ಒಂದು ದಿನ ಅಕ್ಕ ಬಟ್ಟೆ ಒಗೆಯುತ್ತಿದ್ದಾಗ ನಾನೊಬ್ಬಳೇ ಹೋದೆ. ಎಲೆ ತೇಲಿಬಿಟ್ಟು ಇಳಿಜಾರಿನ ಕಡೆಗೆ ಕಲ್ಲು ಎಸೆದೆ. ತೆರೆ ಆಪಿನೊಳಗೆ ಹೊಕ್ಕಿತು. ಹುಲ್ಲಿನ ತುದಿಗಳು ತುಸು ತೂಗಿದವು, ಅಷ್ಟೇ. ಎಷ್ಟು ಕಲ್ಲು ಎಸೆದರೂ ಎಲೆ ಎರಡನೇ ಸಲ ಅಲುಗಲಿಲ್ಲ. ಅಳುತ್ತ ಮನೆಗೆ ಓಡಿದೆ.

“ಅಕ್ಕಾ, ಅವ್ವ ಏನೂ ಅನವಲ್ಲಳು!”

“ಎಲ್ಲಿ ಒಗದಿ?”

“ಆಪಿನ ಕಡಿ.”

“ಹುಚ್ಚಿ! ಆಪು ತೆರಿ ನುಂಗ್ತದ. ಗ್ವಾಡಿ ಕಡಿ ಒಗಿಬೇಕು. ಅಲ್ಲಿ ಯಾವಾಗ್ಲೂ ತಿರುಗಿ ಬರ್ತದ.”

“ಯಾವಾಗ್ಲೂ? ಮತ್ತ ಅದು ಅವ್ವ ಅನ್ನೋದಲ್ಲೇನು?”

ಅಕ್ಕ ನಾಲಿಗೆ ಕಚ್ಚಿಕೊಂಡಳು. ಒದ್ದೆ ಕೈಯಲ್ಲೇ ನನ್ನ ಮೂಗು ಒರೆಸಿ, “ಬಾ, ತಲಿ ಬಾಚ್ತೀನಿ, ಕುಂದ್ರು,” ಅಂದಳು.

ಮುಂದಿನ ವಾರ ಅಪ್ಪ ಒಬ್ಬನೇ ಊರಿಗೆ ಬಂದ.

ದಿನಗಳು ಕಳೆದ ಮೇಲೆ ಅಕ್ಕ ನನ್ನನ್ನು ಖಣಿಗೆ ಕರೆದೊಯ್ದಳು. ನಾನು ಕಲ್ಲೆತ್ತಿ ಗೋಡೆಯ ಕಡೆ ತಿರುಗಿದೆ. ಅವಳು ಕೈ ಹಿಡಿದಳು.

“ಬ್ಯಾಡ. ಈಗ ತೆರಿ ತಿರುಗಿ ಬಂದ್ರ ನನಗ ಭಾಳ ಸಿಟ್ಟು ಬರ್ತದ.”

ಈಗ ಆ ಖಣಿಗೆ ಒಡಕು ಕಲ್ಲು ಸುರಿದು ನೆಲ ಮಾಡಿದ್ದಾರೆ. ಗೋಡೆಯೂ ಆಪೂ ಅದರಡಿ ಸೇರಿದವು. ಅಕ್ಕ ಮದುವೆಯಾಗಿ ಹತ್ತಿರದ ವಾಡಿ ಊರಿನಲ್ಲಿದ್ದಳು. ನನ್ನ ಮಗಳ ಹೆರಿಗೆಯಿರಲಿ, ನನ್ನ ಮೊಣಕಾಲು ನೋವಿರಲಿ, ಫೋನಿನಲ್ಲಿ ಏನು ಕೇಳಿದರೂ ಅವಳದು ಒಂದೇ ಉತ್ತರ: “ಎಲ್ಲಾ ಛಲೋ ಆಗ್ತದ, ಹುಚ್ಚಿ.” ಅವಳು ಈಗಲೂ ಗೋಡೆಯ ಕಡೆಗೇ ಕಲ್ಲು ಎಸೆಯುತ್ತಿದ್ದಾಳೆ ಎಂದು ಗೊತ್ತಿದ್ದೂ ಕೇಳುತ್ತಿದ್ದೆ.

ಹೋದ ವರ್ಷ ಅಕ್ಕನೂ ಹೋದಳು. ಈ ಶ್ರಾವಣದಲ್ಲಿ ನನಗೆ ಹಾಗೆ ಸುಳ್ಳು ಹೇಳುವವರು ಯಾರೂ ಇಲ್ಲ.