ಬೊಜ್ಜದ ದುಡ್ಡಿನ ಬಾಥ್‌ರೂಮ್

ಅತ್ತೆಯ ಬಲ ಅಂಗೈಯಲ್ಲಿ ಯಾವಾಗಲೂ ಒಂದು ಕಂದು ಗೆರೆ ಇರುತ್ತಿತ್ತು. ತುಕ್ಕಿನದು. ನಮ್ಮ ಕಾಂದಿವಲಿಯ ಮನೆಯ ಸಂಡಾಸದಲ್ಲಿ ಕುಕ್ಕುರುಗಾಲಿನಲ್ಲಿ ಕೂತವರು ಏಳಬೇಕಾದರೆ ಗೋಡೆಯ ಹಳೇ ಕಬ್ಬಿಣದ ಪೈಪನ್ನು ಹಿಡಿದೇ ಏಳುತ್ತಿದ್ದರು. ಮೊಣಕಾಲು ಕಟಕ್ಕೆನ್ನುವುದು, ಪೈಪು ಅಲ್ಲಾಡುವುದು ಎರಡೂ ಅಡುಗೆಮನೆಯಲ್ಲಿದ್ದ ನನಗೆ ಕೇಳಿಸುತ್ತಿತ್ತು. ಹೊರಗೆ ಬಂದವರು ನಾವು ಕೇಳುವ ಮೊದಲೇ, "ಎಂತದೂ ಆಗ್ಲಿಲ್ಲ" ಎನ್ನುತ್ತಿದ್ದರು.

ಬಾಥ್‌ರೂಮ್ ಒಡೆಸಿ ಕಮೋಡ್ ಕೂರಿಸಬೇಕು, ಗೋಡೆಗೆ ಸ್ಟೀಲಿನ ಹಿಡಿ ಹಾಕಿಸಬೇಕು ಎನ್ನುವುದರಲ್ಲಿ ಯಾರದೂ ತಕರಾರಿರಲಿಲ್ಲ. ಅತ್ತೆಯದೂ ಇರಲಿಲ್ಲ. ಅವರ ತಕರಾರೆಲ್ಲ ದುಡ್ಡು ಎಲ್ಲಿಂದ ಎನ್ನುವುದಕ್ಕೆ.

ನನ್ನ ಗಂಡ ಬ್ಯಾಂಕ್ ಸಾಲದ ಮಾತೆತ್ತಿದರು. "ಸಾಲ ಮಾಡಿದ ಜಾಗದಲ್ಲಿ ಕೂತ್ರೆ ನನಗೆ ಬರ್ಲಿಕ್ಕಿಲ್ಲ" ಎಂದರು ಅತ್ತೆ. ಗೋರೆಗಾಂವ್‌ನಲ್ಲಿರುವ ಮೈದುನ ಅರ್ಧ ತಾನು ಕೊಡುತ್ತೇನೆಂದ. "ನೀನೇ ಬಾಡಿಗೆ ಮನೆಯಲ್ಲಿದ್ದಿ. ಮೊದಲು ನಿನ್ನ ಸಂಡಾಸ ನೋಡಿಕೊ." ನನ್ನ ಬಳೆ ಅಡವಿಡುವ ಎಂದೆ ನಾನು. "ಬಳೆ ಇಟ್ಟು ಕಕ್ಕಸು ಕಟ್ಟಿಸಿದ್ರು ಅಂತ ನಿನ್ನ ತವರಿನವರು ನಗಾಡ್ಲಿಕ್ಕಾ ಮಾರಾಯ್ತಿ?" ಕಂತಿನಲ್ಲಿ ಕೊಟ್ಟರೂ ಸೈ ಎಂದ ಕಾಂಟ್ರ್ಯಾಕ್ಟರನಿಗೆ ಚಹಾ ಕುಡಿಸಿ, "ದೀವಾಲಿ ಕೆ ಬಾದ್" ಎಂದು ಕಳಿಸಿಬಿಟ್ಟರು. ಯಾವ ದೀಪಾವಳಿ ಎಂದು ಅವನೂ ಕೇಳಲಿಲ್ಲ.

ಇಷ್ಟನ್ನೂ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ, ದನಿ ಏರಿಸದೆ ಹೇಳುತ್ತಿದ್ದರು. ಜಗಳಕ್ಕಾದರೂ ಬಂದರೆ ನಾವೂ ಕೂಗಾಡಬಹುದಿತ್ತು.

ದುಡ್ಡು ಅವರ ಹತ್ತಿರವೇ ಇತ್ತು, ಬ್ಯಾಂಕಿನಲ್ಲಿ ಎಫ್‌ಡಿ. ಅದು ಅವರ ಬೊಜ್ಜಕ್ಕೆ. ನಮ್ಮ ಕಡೆ ಸತ್ತವರ ಹೆಸರಿನಲ್ಲಿ ಹಾಕುವ ಊಟಕ್ಕೆ ಬೊಜ್ಜ ಎನ್ನುತ್ತೇವೆ. ಕಾಯಿ ಅರೆದು ಮಾಡುವ ಕಡಲೆ ಗಸಿ ಇಲ್ಲದೆ ಆ ಊಟ ಆಗುವುದಿಲ್ಲ. ಮಾವ ಫೋರ್ಟ್ ಏರಿಯಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವರು. ಅವರು ಹೋದಾಗ ಮನೆಯಲ್ಲಿ ಏನೂ ಇರಲಿಲ್ಲ. ಬೊಜ್ಜದ ಅಕ್ಕಿ, ಬೇಳೆ, ಅಡುಗೆಯವರು ಎಲ್ಲ ಹೋಟೆಲಿನ ಧಣಿಗಳೇ ಕೊಟ್ಟದ್ದು. ಪಂಕ್ತಿಯ ಕೊನೆಯಲ್ಲಿ ಧಣಿಗಳೆದುರು ತಾನು ಕೈಮುಗಿದು ನಿಂತದ್ದನ್ನು ಅತ್ತೆ ಮರೆಯಲೇ ಇಲ್ಲ. ಅಂದಿನಿಂದ ಹಪ್ಪಳ ಸಂಡಿಗೆ ಮಾಡಿ ಮಾರಿ ಕೂಡಿಸಿದ ಹಣ ಅದು. ಅದರ ಮಾತು ಯಾರೂ ಎತ್ತುವಂತಿರಲಿಲ್ಲ.

ಎತ್ತಿದವಳು ನಾನು. ಅತ್ತೆಯ ಉರಿಮೂತ್ರಕ್ಕೆ ಔಷಧಿ ಕೊಟ್ಟ ಡಾಕ್ಟರು ನೀರು ಚೆನ್ನಾಗಿ ಕುಡಿಯಬೇಕು ಎಂದಿದ್ದರು. ಸಂಜೆ ತೊಳೆಯಲು ಎತ್ತಿಕೊಂಡರೆ, ಬೆಳಗ್ಗೆ ತುಂಬಿಸಿಟ್ಟ ಚೊಂಬು ತುಂಬಿದಂತೆಯೇ ಇತ್ತು. ಕುಡಿದರೆ ಹೋಗಬೇಕು, ಹೋದರೆ ಏಳಬೇಕು. ಅದಕ್ಕೇ ಕುಡಿಯುತ್ತಿರಲಿಲ್ಲ. ಚೊಂಬನ್ನು ಅವರೆದುರು ಕುಕ್ಕಿದೆ.

"ಅತ್ತೆ, ನೀವು ಹೀಗೇ ಮಾಡಿದ್ರೆ ಬೊಜ್ಜ ಬೇಗ ಬರ್ತದೆ. ಆ ಎಫ್‌ಡಿ ಮುರಿಸುವ."

ಅವರು ಬಿಡಿಸುತ್ತಿದ್ದ ಸೊಪ್ಪು ಕೆಳಗಿಟ್ಟರು. "ಮುರಿಸಿದ್ರೆ, ನಾನು ಹೋದ ಮೇಲೆ ನನ್ನ ಮಗ ಯಾರೆದುರು ಹೋಗಿ ಕೈಮುಗಿಯುವುದು?"

"ಯಾರೆದುರೂ ಇಲ್ಲ. ಮನೆಯಲ್ಲೇ ಊಟ. ನಾನೇ ಅಡುಗೆ ಮಾಡ್ತೇನೆ."

"ನೀನಾ?" ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನ್ನ ಗಸಿ ಉಂಡವರು ನನ್ನ ಹೆಸರು ಹೇಳ್ತಾರಾ? ಮೊದಲು ಕಡಲೆ ಗಸಿ ಸರಿಯಾಗಿ ಮಾಡ್ಲಿಕ್ಕೆ ಕಲಿ. ಮತ್ತೆ ನೋಡುವ."

ಕಲಿಯುತ್ತೇನೆಂದು ಒಪ್ಪಿಕೊಂಡ ಮೇಲೆ ಎಫ್‌ಡಿ ಮುರಿಯಿತು. ಜೊತೆಗೆ ನನ್ನ ನಡುವೂ. ಬಾಥ್‌ರೂಮಿನಲ್ಲಿ ಸುತ್ತಿಗೆ ಬೀಳುತ್ತಿದ್ದರೆ ಇತ್ತ ನಾನು ಧೂಳು ಬೀಳದಂತೆ ಪಾತ್ರೆ ಮುಚ್ಚಿಕೊಂಡು ಗಸಿ ಕುದಿಸುತ್ತಿದ್ದೆ. ಬಾಥ್‌ರೂಮ್ ಮುಗಿದರೂ ಗಸಿ ಮುಗಿಯಲಿಲ್ಲ, ಪ್ರತೀ ಭಾನುವಾರ ಅದೇ. ಕಾಯಿ ನುಣ್ಣಗೆ ಅರೆದರೆ ತರಿತರಿ ಇರಬೇಕಿತ್ತು, ತರಿತರಿ ಅರೆದರೆ ನುಣ್ಣಗಿರಬೇಕಿತ್ತು. ಮಕ್ಕಳು ಕಡಲೆ ಕಂಡರೆ ಓಡುವಂತಾದರು. ಅತ್ತೆ ಮಾತ್ರ ಬೆರಳಿಗೆ ಹಚ್ಚಿ ನೆಕ್ಕಿ, ಪ್ರತಿ ಸಲವೂ ತೀರ್ಪು ಕೊಡುತ್ತಿದ್ದರು:

"ಉಪ್ಪು ಕಮ್ಮಿ. ಹೀಗಾದ್ರೆ ನಾನು ಸಾಯುವುದಿಲ್ಲ."

ಹೊಸ ಬಾಥ್‌ರೂಮನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. "ಬನ್ನಿ, ನನ್ನ ಬೊಜ್ಜ ನೋಡಿ" ಎನ್ನುತ್ತಿದ್ದರು. ಪಕ್ಕದ ಮನೆಯ ಮರಾಠಿ ಹೆಂಗಸು ಏನೂ ತಿಳಿಯದೆ "ಛಾನ್, ಛಾನ್" ಎಂದು ಮೆಚ್ಚಿ ತಲೆಯಾಡಿಸಿ ಹೋದಳು. ಶವರ್ ಬೇಡವೆಂದು, ನಲ್ಲಿಯನ್ನು ಬಕೆಟಿನ ಎತ್ತರಕ್ಕೇ ಕೆಳಗೆ ಹಾಕಿಸಿದ್ದರು. ಅದು ಇವತ್ತಿಗೂ ದಿನಾ ನನ್ನ ಕಾಲಿಗೆ ಬಡಿಯುತ್ತದೆ. ಆದರೆ ಚೊಂಬು ಮಾತ್ರ ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ಅಂಗೈಯ ಗೆರೆ ಯಾವಾಗ ಮಾಯವಾಯಿತೋ ನಾನೂ ಗಮನಿಸಲಿಲ್ಲ.

ಅವರು ಹೋದದ್ದು ಕಳೆದ ಮಳೆಗಾಲದ ಕೊನೆಗೆ, ನಿದ್ದೆಯಲ್ಲೇ. ಬೊಜ್ಜವನ್ನು ಮನೆಯಲ್ಲೇ ಮಾಡಿದೆವು. ಮನೆಯವರು, ಬಿಲ್ಡಿಂಗಿನ ನಾಲ್ಕು ಜನ, ಅಷ್ಟೇ. ಅಕ್ಕಿ ನಮ್ಮದು, ಕಾಯಿ ನಮ್ಮದು, ಬಡಿಸಿದವರು ಅವರ ಇಬ್ಬರು ಮಕ್ಕಳು. ಯಾರೂ ಯಾರೆದುರೂ ಕೈಮುಗಿಯಬೇಕಾಗಲಿಲ್ಲ. ಗಸಿ ನಾನು ಮಾಡಿದ್ದೆ.

ಕೊನೆಗೆ ಊಟಕ್ಕೆ ಕೂತ ಮೈದುನ ಎರಡು ತುತ್ತು ಉಂಡು, ಹೇಳಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದ.

"ಅತ್ತಿಗೆ, ಗಸಿಗೆ ಉಪ್ಪು ಸ್ವಲ್ಪ ಕಮ್ಮಿ ಆಯ್ತಾ ಹೇಗೆ?"

ಉಪ್ಪಿನ ಡಬ್ಬಿ ನನ್ನ ಕೈಯಳತೆಯಲ್ಲೇ ಇತ್ತು. ತೆಗೆಯಲಿಲ್ಲ.

"ಹಾಗೇ ಉಣ್ಣು" ಎಂದೆ.